ಬುತ್ತಿ ಹೊತ್ತ ಹೆಣ್ಣಾಳು

ಗಿರಿಜಾಬಾಯಿಗೆ ಮ್ಯೂಸಿಯಂ ಹುಚ್ಚು ಹಿಡಿದಿದೆ ಎಂದು ಓಣಿಯವರು ತೀರ್ಮಾನಿಸಿ ಆರು ತಿಂಗಳಾಗಿತ್ತು. ಬೀದರ್‌ನ ಆ ಓಣಿಯಲ್ಲಿ ಇದು ಸಣ್ಣ ಸುದ್ದಿಯೇನಲ್ಲ. ಅರವತ್ನಾಲ್ಕು ದಾಟಿದ ಹೆಂಗಸಿಗೆ ಸಕ್ಕರೆ ಕಾಯಿಲೆ ಬರಬಹುದು, ಮೊಣಕಾಲು ಹಿಡಿದುಕೊಳ್ಳಬಹುದು, ಅಳಿಯನ ಮೇಲೆ ಮುನಿಸು ಬರಬಹುದು. ಇವಕ್ಕೆಲ್ಲ ಔಷಧ ಹೇಳುವವರು ಮನೆಗೊಬ್ಬರಿದ್ದಾರೆ. ಆದರೆ ಹಳೇ ಗುದ್ದಲಿ, ಹಳೇ ಬುಟ್ಟಿ ತೂಗುಹಾಕಿದ ಕೋಣೆಗಳನ್ನು ನೋಡುವುದಕ್ಕೆಂದು ಆಧಾರ್ ಕಾರ್ಡು ಹಿಡಿದು, ಹೆಂಗಸರ ಪುಕ್ಕಟೆ ಟಿಕೇಟಿನಲ್ಲಿ ಬಸ್ಸು ಹತ್ತಿ ಹೋಗುವ ಕಾಯಿಲೆಗೆ ಯಾರ ಹತ್ತಿರವೂ ಕಷಾಯವಿರಲಿಲ್ಲ.

"ಗಿರಿಜಾಬಾಯಿ, ಹಳಿ ಸಾಮಾನ ನೋಡಾಕ ಅಷ್ಟು ದೂರ ಯಾಕ ಹೋಗ್ತೀರಿ? ನಮ್ಮ ಮನ್ಯಾಗ ನಾನೇ ಇದ್ದೇನಿ, ಬಂದು ನೋಡಿ ಹೋಗ್ರಿ," ಎಂದು ಎದುರು ಮನೆಯ ಹಾವಗೆಪ್ಪ ಕಟ್ಟೆಯ ಮೇಲೆ ಕೂತೇ ಕೆಣಕುತ್ತಿದ್ದ. ಎಪ್ಪತ್ತೆಂಟು ವರ್ಷದ ಹಾವಗೆಪ್ಪನಿಗೆ ತನ್ನ ಮಾತಿಗೆ ತಾನೇ ನಗುವ ಚಟ.

"ನಿಮಗ ಇನ್ನಾ ಚೀಟಿ ಅಂಟಿಸಿಲ್ಲಲ್ರಿ ಕಾಕಾ. ಅಂಟಿಸಿದ ಮ್ಯಾಲ ಬರ್ತೇನಿ," ಎಂದು ಈಕೆಯೂ ನಕ್ಕು ಮುಂದೆ ಹೋಗುತ್ತಿದ್ದಳು. ನಗು ಓಣಿಯ ತಿರುವಿನ ತನಕ ಮಾತ್ರ ಬರುತ್ತಿತ್ತು. ಆಮೇಲೆ ಬಸ್‌ ಸ್ಟ್ಯಾಂಡಿನವರೆಗೆ ಆಕೆಯ ಮುಖ ನೋಡಿದವರು ಯಾರೂ ತಮಾಷೆ ಮಾಡುತ್ತಿರಲಿಲ್ಲ.

ಈ ಕೋಣೆಗಳ ಸಂಗತಿಯನ್ನು ಮೊದಲು ಹೇಳಿಬಿಡಬೇಕು. ಭಾಲ್ಕಿ ರಸ್ತೆಯ ಬದಿಗೆ ಒಂದು ಕಾಲಕ್ಕೆ ಸಾಲು ಸಾಲು ಕೆಂಪುಕಲ್ಲಿನ ಖಣಿಗಳಿದ್ದವು. ನೆಲದೊಳಗೆ ಇರುವ ತನಕ ಮೆತ್ತಗಿದ್ದು, ಮೇಲೆ ತಂದು ಗಾಳಿಬಿಸಿಲಿಗೆ ಇಟ್ಟ ಮೇಲೆ ಗಟ್ಟಿಯಾಗುವ ಕಲ್ಲು ಅದು. ಗಂಡಸರು ಉದ್ದ ಹಿಡಿಯ ಗುದ್ದಲಿಯಿಂದ ನಾಲ್ಕೂ ಬದಿ ಕಡಿದು ಹಾರೆಯಿಂದ ಎಬ್ಬಿಸುತ್ತಿದ್ದರು; ಹೆಂಗಸರು ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು ಒಂದೊಂದನ್ನೇ ಹೊತ್ತು ಮೇಲೆ ತರುತ್ತಿದ್ದರು. ಸುತ್ತಲಿನ ಮನೆ, ಶಾಲೆ, ಗುಡಿ, ದರ್ಗಾ ಎಲ್ಲದರ ಗೋಡೆಯಲ್ಲೂ ಆ ಕಲ್ಲೇ. ಆಮೇಲೆ ಸಿಮೆಂಟಿನ ಇಟ್ಟಿಗೆ ಬಂತು, ಖಣಿಗಳು ಒಂದೊಂದಾಗಿ ನಿಂತವು. ಈಗ ಅಲ್ಲಿ ಪಾಚಿಗಟ್ಟಿದ ನೀರು, ಸುತ್ತ ತಂತಿಬೇಲಿ.

ಖಣಿ ನಡೆಯುತ್ತಿದ್ದಾಗ ಅತ್ತ ತಿರುಗಿಯೂ ನೋಡದವರಿಗೆ ಅದು ನಿಂತ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತು. ಅವರನ್ನು ಬಯ್ಯಬೇಕೋ ಹೊಗಳಬೇಕೋ ಹೇಳುವುದು ಕಷ್ಟ. ಬೀದರ್‌ನಲ್ಲಿ ಒಂದು, ಭಾಲ್ಕಿಯಲ್ಲಿ ಒಂದು, ಔರಾದ್‌ನಲ್ಲಿ ಒಂದು, ಹೀಗೆ ಸ್ಥಳೀಯ ಇತಿಹಾಸದ ಸಂಗ್ರಹಾಲಯಗಳು ಹುಟ್ಟಿಕೊಂಡವು. ಸಂಗ್ರಹಾಲಯ ಎಂದರೆ ಹೆದರಬೇಕಾಗಿಲ್ಲ. ಒಂದೋ ಎರಡೋ ಕೋಣೆ, ಒಂದು ಬೋರ್ಡು, ಎಣ್ಣೆ ಹಚ್ಚಿ ಮಿರಮಿರ ಮಿಂಚಿಸಿದ ನಾಲ್ಕು ಗುದ್ದಲಿ, ಒಂದು ಲಾಟೀನು, ಪ್ರತಿಯೊಂದರ ಕೆಳಗೂ ಒಂದು ಚೀಟಿ. ಬೀಗದ ಕೈ ಮಾತ್ರ ಯಾವಾಗಲೂ ಬೇರೆ ಯಾರದೋ ಹತ್ತಿರ ಇರುತ್ತದೆ. ಹನ್ನೆರಡು ವರ್ಷ ಆ ಖಣಿಯಲ್ಲಿ ಕಲ್ಲು ಹೊತ್ತ ಗಿರಿಜಾಬಾಯಿ ಆ ಕೋಣೆಗಳ ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟು ಒಳಗೆ ಹೋಗುತ್ತಿದ್ದಳು. ಗುದ್ದಲಿಗಳ ಕಡೆ ಕಣ್ಣೂ ಹಾಯಿಸುತ್ತಿರಲಿಲ್ಲ. ಆಕೆ ಹುಡುಕುತ್ತಿದ್ದದ್ದು ಒಂದು ಫೋಟೊ.

ಆಕೆಯ ಗಂಡ ಮಚ್ಛೇಂದ್ರ ತೀರಿಕೊಂಡು ಎರಡು ವರ್ಷ. ಒಳ್ಳೆಯ ಆಳು, ಮಾತು ಕಡಿಮೆ. ಖಣಿಯ ಧೂಳು ಎದೆಯಲ್ಲಿ ಕೂತು, ಕೊನೆಕೊನೆಗೆ ಒಂದು ಮಾತು ಆಡಬೇಕಾದರೆ ಮೂರು ಸಲ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು. ಹೋಗುವ ಎರಡು ದಿನ ಮೊದಲು, ಮಧ್ಯಾಹ್ನ, ಗಂಜಿ ಕುಡಿಸುತ್ತಿದ್ದ ಹೆಂಡತಿಯ ಕೈ ತಡೆದು ಅಂದ:

"ಅವತ್ತ ಖಣ್ಯಾಗ ಫೋಟೊ ತಗದ್ರಲ್ಲ... ಅದು ಎಲ್ಯಾರ ಇರಬೇಕು. ಹುಡುಕಿ ನೋಡು. ಕೂಸು ಸೆರಗ ಜಗ್ಗಿದ್ಲು. ನಾ ನೋಡೇನಿ."

ನಲವತ್ತು ವರ್ಷಗಳಲ್ಲಿ ಗಂಡ ಹೆಂಡತಿ ಆ ಕೂಸಿನ ಮಾತು ತೆಗೆದದ್ದು ಅದೇ ಮೊದಲು. ಅದೇ ಕೊನೆ ಕೂಡ ಆಯಿತು. ಸಂಜೆಯ ಹೊತ್ತಿಗೆ ಮಚ್ಛೇಂದ್ರನಿಗೆ ಮಾತು ನಿಂತುಹೋಯಿತು.

ಆ ಕೂಸು ಅವರ ಚೊಚ್ಚಲ ಮಗಳು, ಗೌತಮಿ. ಹೆಸರು ಮಚ್ಛೇಂದ್ರನೇ ಇಟ್ಟದ್ದು, ಬುದ್ಧವಿಹಾರದಲ್ಲಿ ಕೇಳಿಕೊಂಡು ಬಂದು. ಅತ್ತೆಗೆ ಆ ಹೆಸರು ನಾಲಿಗೆಗೆ ಹತ್ತಲಿಲ್ಲ. ಆಕೆ ಕೊನೆಯ ತನಕ "ಕೆಂಪಿ" ಎಂದೇ ಕರೆದಳು, ಖಣಿಯ ಧೂಳು ಕೂತು ಕೂಸಿನ ತಲೆಗೂದಲು ಕೆಂಪಗಾಗಿದ್ದಕ್ಕೆ. ಕೂದಲು ಬೇರೆ ಸೊಂಪಾಗಿತ್ತು. ಎರಡು ವರ್ಷ ತುಂಬುತ್ತ ಬಂದರೂ ಜವಳ ತೆಗೆಸಿರಲಿಲ್ಲ. ಜವಳಕ್ಕೆ ಸೋದರಮಾವ ಬಂದು ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳಬೇಕು. ಗಿರಿಜಾಬಾಯಿಯ ತಮ್ಮ ತವರೂರು ಖಟಕ ಚಿಂಚೋಳಿಯಿಂದ ಕೆಲಸ ಹುಡುಕಿಕೊಂಡು ಹೈದರಾಬಾದಿಗೆ ಹೋದವನು ಈ ಹುಣ್ಣಿಮೆಗೆ ಬರುತ್ತೇನೆ, ಬರುವ ಹುಣ್ಣಿಮೆಗೆ ಬರುತ್ತೇನೆ ಎಂದು ಹೇಳಿ ಕಳಿಸುತ್ತಲೇ ಇದ್ದ.

ಹೀಗಿರುವಾಗ ಒಂದು ದಿನ ಖಣಿಗೆ ಫೋಟೊದವನು ಬಂದ. ಎಲ್ಲೋ ದೊಡ್ಡ ಕಟ್ಟಡ ಕಟ್ಟಿಸುವ ಸಾಹೇಬರಿಗೆ ಕಲ್ಲು ಹೇಗೆ ತೆಗೆಯುತ್ತಾರೆ ಎಂದು ತೋರಿಸಬೇಕಿತ್ತಂತೆ. ಮೂರು ಕಾಲಿನ ಮೇಲೆ ಡಬ್ಬಿ ನಿಲ್ಲಿಸಿ, ಇದ್ದ ಆಳುಗಳನ್ನೆಲ್ಲ ಕಡಿದ ಕಲ್ಲಿನ ಮುಂದೆ ಸಾಲಾಗಿ ನಿಲ್ಲಿಸಿದ. ಗಿರಿಜಾಬಾಯಿಯ ಸೊಂಟದ ಮೇಲೆ ಕೂಸು. ಅತ್ತೆ ದೂರದಿಂದಲೇ ಕೂಗಿದಳು: "ಏ ಗಿರಿಜಾ, ಕೂಸಿನ ಮಾರಿ ಮುಚ್ಚು! ಜವಳ ಆಗದ ಕೂಸು ಅದು. ಡಬ್ಬ್ಯಾಗ ಮಾರಿ ಹ್ವಾದ್ರ ಆಯುಷ್ಯ ಕಡಿಮಿ ಆಗ್ತದ!"

ಮಚ್ಛೇಂದ್ರ ಪಕ್ಕದಲ್ಲೇ ನಿಂತಿದ್ದ. "ಮನ್ಯಾಗ ಬಾಬಾಸಾಹೇಬರ ಫೋಟೊ ಇಟ್ಟ ಜೈಭೀಮ್ ಅಂತೀವಿ. ಹೊರಗ ಬಂದು ಫೋಟೊಕ್ಕ ಅಂಜತೀವಿ. ತಗೀ ಸೆರಗ," ಎಂದು ಮೆಲ್ಲಗೆ ಅಂದ. ಇಪ್ಪತ್ತೊಂದು ವರ್ಷದ ಸೊಸೆ ಯಾರ ಮಾತು ಕೇಳಬೇಕು? ಗಂಡನ ಮಾತು ಸರಿ ಎಂದು ಆಕೆಗೂ ಗೊತ್ತಿತ್ತು. ಆದರೆ ಸಂಜೆ ಒಲೆಯ ಮುಂದೆ ಕೂರಬೇಕಾದದ್ದು ಅತ್ತೆಯ ಜೊತೆ. ಸೆರಗು ಎಳೆದು ಕೂಸಿನ ಮುಖ ಮುಚ್ಚಿದಳು. ಗೌತಮಿಗೆ ಸೆರಗು ಮುಖದ ಮೇಲೆ ಬಿದ್ದರೆ ಆಗುತ್ತಿರಲಿಲ್ಲ, ಎರಡೂ ಕೈಯಿಂದ ಜಗ್ಗಿ ಬಿಸಾಕಿ ನಗುವುದು ಅವಳ ಅಭ್ಯಾಸ. ಅವತ್ತೂ ಒಳಗೆ ಒದ್ದಾಡಿದಳು. ಡಬ್ಬಿ ಟಕ್ ಎಂದಾಗ ಸೆರಗು ಎಲ್ಲಿತ್ತೋ, ಮುಖ ಎಲ್ಲಿತ್ತೋ, ನೇರ ಮುಂದೆ ನೋಡುತ್ತ ನಿಂತಿದ್ದ ತಾಯಿಗೆ ಗೊತ್ತಾಗಲಿಲ್ಲ.

ಮೂರು ವಾರಕ್ಕೆ ಕೂಸಿಗೆ ದಡಾರ ಎದ್ದಿತು. ನಾಲ್ಕೇ ದಿನ. ಸೋದರಮಾವ ಹೈದರಾಬಾದಿನಿಂದ ಓಡಿ ಬಂದ, ಜವಳಕ್ಕಲ್ಲ, ಮಣ್ಣಿಗೆ. ತೊಡೆಯ ಮೇಲೆ ಕೂರಿಸಿಕೊಳ್ಳಬೇಕಾದವನು ಎರಡೂ ಕೈಯಲ್ಲಿ ಎತ್ತಿಕೊಂಡು ಹೋದ. ಕತ್ತರಿ ಕಾಣದ ಆ ಕೆಂಪು ಕೂದಲು ಹಾಗೆಯೇ ಹೋಯಿತು.

ಅತ್ತೆ ದುಃಖದಲ್ಲಿ ಆಡಿದಳೋ, ಸಿಟ್ಟಿನಲ್ಲಿ ಆಡಿದಳೋ, ಆಡಿದ್ದು ಮಾತ್ರ ಹೀಗೆ: "ನೀ ಸೆರಗ ತಗದಿರಬೇಕು. ಗಂಡನ ಮಾತ ಕೇಳಿ ತಗದಿರಬೇಕು." ಗಿರಿಜಾಬಾಯಿ ಎದೆ ಬಡಿದುಕೊಂಡು ಆಣೆ ಮಾಡಿದಳು, ತೆಗೆದಿಲ್ಲ, ತೆಗೆದಿಲ್ಲ, ಕೂಸಿನ ಮುಖ ಕಂಡಿಲ್ಲ. ಅತ್ತೆ ಬದುಕಿರುವ ತನಕ ಆ ಆಣೆ ಅದೆಷ್ಟು ಸಲ ಮಾಡಿದಳೋ ಲೆಕ್ಕವಿಲ್ಲ. ಮಚ್ಛೇಂದ್ರ ಆ ಹೊತ್ತಿನಲ್ಲೆಲ್ಲ ಎದ್ದು ಹೊರಗೆ ಹೋಗುತ್ತಿದ್ದ. ಗಾಯ ಕೆದಕುವುದು ಬೇಡವೆಂದು ಅವನು ಸುಮ್ಮನಿದ್ದ. ಅವನು ಸುಮ್ಮನಿದ್ದಾನೆ ಎಂದು ಇವಳೂ ಸುಮ್ಮನಾದಳು. ಒಳ್ಳೆಯ ಮನುಷ್ಯರು ಒಬ್ಬರಿಗೊಬ್ಬರು ಮಾಡಿಕೊಳ್ಳುವ ಅನ್ಯಾಯ ಇಂಥದ್ದೇ.

ಐದು ವರ್ಷ ಬಿಟ್ಟು ಸಪನಾ ಹುಟ್ಟಿದಳು. ಓದಿದಳು, ಟೀಚರಾದಳು, ಈಗ ತಾಯಿಯನ್ನು ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ. ಚಿಕ್ಕವಳಿದ್ದಾಗ ಒಮ್ಮೆ ಕೇಳಿದ್ದಳು, "ಅವ್ವಾ, ಅಕ್ಕ ನನ್ನಂಗ ಇದ್ಲೇನ?" ಹೌದು ಎಂದಿದ್ದಳು ಗಿರಿಜಾಬಾಯಿ. ಹೌದು ಎಂದದ್ದೇ ತಪ್ಪಾಯಿತು. ಅಂದಿನಿಂದ ಕಣ್ಣು ಮುಚ್ಚಿದರೆ ಗೌತಮಿಯ ಜಾಗದಲ್ಲಿ ಸಪನಾಳ ಮುಖವೇ ಬಂದು ಕೂರತೊಡಗಿತು. ಕೂದಲು ನೆನಪಿದೆ, ಬೆವರಿನ ವಾಸನೆ ನೆನಪಿದೆ, ಸೊಂಟದ ಮೇಲಿನ ಭಾರ ಇವತ್ತಿಗೂ ಎಡಬದಿಗೆ ನೆನಪಿದೆ. ಮುಖ ಮಾತ್ರ ಇಲ್ಲ. ಹೆತ್ತ ಮಗಳ ಮುಖ ಮರೆತಿದೆ ಎಂದು ಯಾವ ತಾಯಿ ಯಾರಿಗೆ ಹೇಳಿಯಾಳು?

ಈಗ ಗಂಡ ಹೋಗುವಾಗ ಹೇಳಿ ಹೋಗಿದ್ದಾನೆ, ಕೂಸು ಸೆರಗು ಜಗ್ಗಿತ್ತು ಎಂದು. ಸೆರಗು ಮುಚ್ಚಿಯೇ ಇತ್ತು ಎಂದು ಅತ್ತೆಯ ಮುಂದೆ ವರ್ಷಗಟ್ಟಲೆ ಆಣೆ ಮಾಡಿದವಳು ಈಗ ದಿನಾ ಬೆಳಿಗ್ಗೆ ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ, ಅದು ಜಾರಿರಲಿ, ಒಂದೇ ಒಂದು ಚಣ ಜಾರಿರಲಿ ಎಂದು ಬೇಡಿಕೊಳ್ಳುತ್ತಿದ್ದಳು.

ಮೊದಲು ಸಿಕ್ಕಿದ್ದು ಬೀದರ್‌ನ ಹಳೇ ಊರಿನೊಳಗಿನ ಖತೀಜಾ ಬೇಗಂ. ಉರ್ದು ಶಾಲೆಯ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತರಾದವರು. ಅವರ ತಂದೆ ಖಣಿಯ ಗುತ್ತಿಗೆದಾರರ ಹತ್ತಿರ ಗುಮಾಸ್ತರಾಗಿದ್ದವರು. ತಂದೆಯ ಸಾಮಾನನ್ನೆಲ್ಲ ಹೊರಗಿನ ಕೋಣೆಯಲ್ಲಿ ಜೋಡಿಸಿ, ಬಂದವರಿಗೆ ಚಹಾ ಕೊಟ್ಟು ತೋರಿಸುತ್ತಿದ್ದರು. ಗಿರಿಜಾಬಾಯಿ ಗೋಡೆಯ ಮೇಲಿನ ಫೋಟೊಗಳನ್ನೆಲ್ಲ ಒಂದೊಂದಾಗಿ ನೋಡಿ ನಿಟ್ಟುಸಿರಿಟ್ಟಳು. ಗುತ್ತಿಗೆದಾರರು, ಅವರ ಜೀಪು, ಅವರ ನಾಯಿ ಎಲ್ಲ ಇದ್ದವು.

"ಆಳುಗಳ ಫೋಟೊ ಇಲ್ಲೇನ್ರಿ ಅಕ್ಕೋರೆ?"

"ನನ್ನ ಹತ್ರ ಇಲ್ಲಮ್ಮಾ. ಆದ್ರ ಖಣ್ಯಾಗ ಆಳುಗಳ ಫೋಟೊ ತಗದ ದಿನ ನನಗ ಯಾದ್ ಅದ. ಫೋಟೊಗ್ರಾಫರ್ ಸಾಬ್‌ಗ ಕೂಡಾಕ ನಮ್ಮ ಅಬ್ಬಾ ಮನಿಯಿಂದ ಕುರ್ಸಿ ಒಯ್ದಿದ್ರು. ಭಾಲ್ಕಿಯವರು, ಭಾಲಚಂದ್ರ ಅಂತ ಹೆಸರು. ಅಲ್ಲಿ ಸ್ಟುಡಿಯೊ ಇತ್ತು ಅವರ್ದು." ಬೇಗಂ ಆಕೆಯ ಮುಖವನ್ನೇ ನೋಡಿ ಕೇಳಿದರು, "ಯಾರ ಅದಾರ ಆ ಫೋಟೊದಾಗ?"

"ನಮ್ಮ ಮನಿಯವರು," ಎಂದಳು ಗಿರಿಜಾಬಾಯಿ. ಪೂರ್ತಿ ಸುಳ್ಳಲ್ಲ. ಬೇಗಂ ಇನ್ನೊಂದು ಕಪ್ಪು ಚಹಾ ಹಾಕಿ ಕೊಟ್ಟರು.

ಭಾಲ್ಕಿಗೆ ಮೂರು ಸಲ ಹೋದಳು. ಎರಡು ಸಲ ಬೀಗ. ಮೂರನೇ ಸಲ ಬೀಗದ ಕೈ ಇಟ್ಟುಕೊಂಡಿದ್ದ ಮನ್ಮಥಪ್ಪ ಮಾಸ್ತರರು ಸಿಕ್ಕರು. ಹೈಸ್ಕೂಲಿನ ಚಿತ್ರಕಲೆಯ ಮಾಸ್ತರರಾಗಿದ್ದವರು, ಚೀಟಿಗಳನ್ನೆಲ್ಲ ಮುದ್ದಾದ ಅಕ್ಷರದಲ್ಲಿ ತಾವೇ ಬರೆದಿದ್ದರು. ಗೋಡೆಯ ಮೊಳೆಗೆ ಒಂದು ಸಿಂಬಿ ತೂಗುಹಾಕಿತ್ತು. ಹಳೇ ಸೀರೆಯ ಚೂರು ಸುತ್ತಿದ್ದು, ನಡುವೆ ಬೆವರಿಗೂ ಧೂಳಿಗೂ ಕಪ್ಪಗಾದದ್ದು. ಅದರ ಕೆಳಗಿನ ಚೀಟಿಯಲ್ಲಿ "ಪೂಜೆಯ ಕಳಸ ಇಡುವ ಸಿಂಬಿ" ಎಂದಿತ್ತು. ಗಿರಿಜಾಬಾಯಿ ಎರಡು ಸಲ ಓದಿದಳು. ಇದು ಕಳಸ ಕಂಡದ್ದಲ್ಲ, ಇದರ ಮೇಲೆ ಕಲ್ಲು ಕೂತಿತ್ತು, ಯಾವಳೋ ನನ್ನಂಥವಳ ನೆತ್ತಿಯ ಕೂದಲು ಉದುರಿಸಿದ ಸಿಂಬಿ ಇದು ಎಂದು ನಾಲಿಗೆಯ ತುದಿಗೆ ಬಂತು. ಓದಿದವರು ಬರೆದಿದ್ದಾರೆ, ನಾನೇನು ಹೇಳಲಿ ಎಂದು ನುಂಗಿಕೊಂಡಳು.

"ಭಾಲಚಂದ್ರ ಅವರು ತೀರಿಕೊಂಡು ಭಾಳ ವರ್ಷ ಆತ್ರಿ," ಎಂದರು ಮಾಸ್ತರರು. "ಸ್ಟುಡಿಯೊ ಮುಚ್ಚಿ ಔರಾದಕ್ಕ ಮಗನ ಮನಿಗೆ ಹೋಗಿದ್ರು. ಅವರ ಸೊಸಿ ಪ್ರಮಿಲಾಬಾಯಿ ಅಂತ, ಮನಿ ಮುಂದಿನ ಎರಡು ಕ್ವಾಣಿ ತಗದು ಮಾವನ ಫೋಟೊ ಎಲ್ಲಾ ಹಚ್ಚ್ಯಾರಂತ. ಅಲ್ಲಿ ಕೇಳ್ರಿ."

ಅವತ್ತು ಸಂಜೆ ಕಾಲು ಊದಿಸಿಕೊಂಡು ಬಂದ ತಾಯಿಯನ್ನು ನೋಡಿ ಸಪನಾಳ ಸಹನೆ ಹರಿಯಿತು. "ಏನ್ ಹಚ್ಚೀದಿ ಅವ್ವಾ ಇದು? ಖಣ್ಯಾಗ ದುಡದದ್ದು ಸಾಕಾಗಿಲ್ಲೇನ? ಅದನ್ನ ನೋಡಾಕ ಮತ್ತ ಊರೂರು ತಿರಗತಿ. ಬಸ್ಸಿನ್ಯಾಗ ಬಿದ್ದು ಗಿದ್ದೀ!"

ಬಿಸಿನೀರಿನ ಬೋಗುಣಿಯಲ್ಲಿ ಕಾಲಿಟ್ಟುಕೊಂಡು ಗಿರಿಜಾಬಾಯಿ ಅಂದಳು, "ನಿಮ್ಮಕ್ಕನ ಮಾರಿ ನನಗ ನೆನಪಿಲ್ಲ, ಸಪನಾ."

ಸಪನಾ ಟವೆಲ್ಲು ಹಿಡಿದು ನೆಲದ ಮೇಲೆ ಕೂತಳು. ಗಿರಿಜಾಬಾಯಿ ಎಲ್ಲವನ್ನೂ ಹೇಳಿದಳು: ಡಬ್ಬಿ, ಜವಳ, ಸೆರಗು, ಅತ್ತೆಯ ಮಾತು, ಅಪ್ಪ ಕೊನೆಗೆ ಆಡಿದ್ದು. ಹೇಳುವಾಗ ಅಳಲಿಲ್ಲ. ಅತ್ತವಳು ಸಪನಾ. ತಾಯಿಯ ಕಾಲು ಒರೆಸುತ್ತ, "ರವಿವಾರ ನಾನೂ ಬರ್ತೇನಿ, ಕೂಡಿ ಹೋಗೂಣು," ಎಂದಳು.

"ಬ್ಯಾಡವ್ವ. ಫೋಟೊದಾಗ ಅಕಿ ಮಾರಿ ಇಲ್ಲದಿದ್ರ ನಿನ್ನ ಮುಂದ ನಾ ಹ್ಯಾಂಗ ನಿಂದ್ರಲಿ? ಒಬ್ಬಾಕಿನೇ ಹೋಗ್ತೇನಿ."

ರವಿವಾರದ ತನಕವೂ ಕಾಯಲಿಲ್ಲ, ಗುರುವಾರವೇ ಹೊರಟಳು. ಶ್ರಾವಣದ ಮಳೆ ಬಿಟ್ಟುಬಿಟ್ಟು ಬರುತ್ತಿತ್ತು, ರಸ್ತೆಯ ಎರಡೂ ಬದಿ ಉದ್ದು, ಹೆಸರು ಹಸಿರಾಗಿ ನಿಂತಿದ್ದವು. ಪಕ್ಕದ ಸೀಟಿನಲ್ಲಿ ಕೂತ ಚಿಂತಾಕಿಯ ಹೆಂಗಸೊಬ್ಬಳು ಮೊಮ್ಮಗನನ್ನು ಮಡಿಲಲ್ಲಿ ಹಾಕಿಕೊಂಡು, ಮೊಬೈಲಿನಲ್ಲಿ ಅವನದೇ ಫೋಟೊಗಳನ್ನು ಅವನಿಗೇ ತೋರಿಸುತ್ತಿದ್ದಳು. ಅವನು ನಕ್ಕದ್ದು, ಅತ್ತದ್ದು, ಮೈಮೇಲೆ ಅನ್ನ ಚೆಲ್ಲಿಕೊಂಡದ್ದು. ಬೆರಳು ಸರಿಸಿದಷ್ಟೂ ಮುಗಿಯುತ್ತಿರಲಿಲ್ಲ. "ಎಷ್ಟ ಫೋಟೊ ಅವ ಇಂವಂದು?" ಎಂದು ಗಿರಿಜಾಬಾಯಿ ಕೇಳಿದಳು. "ಯಾರು ಎಣಿಸ್ಯಾರವ್ವಾ, ಹುಟ್ಟಿದಾಗಿಂದ ತಗೀಲಕತ್ತೇವಿ," ಎಂದಳು ಆಕೆ. ಗಿರಿಜಾಬಾಯಿ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಔರಾದ್ ಬರುವ ತನಕ ಇತ್ತ ನೋಡಲಿಲ್ಲ.

ಪ್ರಮಿಲಾ ಐವತ್ತೈದರ ಆಸುಪಾಸಿನ ಹೆಂಗಸು, ಮನೆಯೊಳಗೆ ಮರಾಠಿ, ಹೊರಗೆ ಕನ್ನಡ. ಬಾಗಿಲು ತೆಗೆದು, "ಯಾ ಮಾವಶಿ, ಒಳಗ ಬರ್ರಿ, ಪಾಪ ಪೂರಾ ತೊಯ್ದೀರಿ," ಎಂದು ಒಳಗೆ ಕರೆದುಕೊಂಡಳು. ಎರಡೂ ಕೋಣೆಗಳ ಗೋಡೆಯ ತುಂಬ ಅವಳ ಮಾವನವರು ತೆಗೆದ ಫೋಟೊಗಳು. ಮದುವೆಗಳು, ಶಾಲೆಯ ಗುಂಪುಗಳು, ಕಮಲನಗರದ ಸಂತೆ, ಕುಸ್ತಿಯವರು. ಒಂದಕ್ಕೂ ಧೂಳಿರಲಿಲ್ಲ. ಪ್ರತಿಯೊಂದರ ಕೆಳಗೂ ಒಪ್ಪವಾದ ಚೀಟಿ.

"ಖಣಿದು ಅದ ಏನ್ರಿ, ತಾಯಿ?"

"ಅದರಿ. ಆ ಮೂಲ್ಯಾಗ. ದೊಡ್ಡದ ಮಾಡಿಸೇನಿ. ಮಾವನವರು ತಗದದ್ರಾಗ ನನಗ ಭಾಳ ಸೇರಿದ್ದು ಅದು."

ಗಿರಿಜಾಬಾಯಿಗೆ ಕೋಣೆಯ ಮೂಲೆ ಬಹಳ ದೂರವಿದ್ದಂತೆ ಕಂಡಿತು. ಹೋಗಿ ನಿಂತಳು. ಕಡಿದ ಕಲ್ಲಿನ ಎತ್ತರದ ಗೋಡೆ, ಅದರ ಮುಂದೆ ಸಾಲಾಗಿ ಆಳುಗಳು. ಒಬ್ಬೊಬ್ಬರ ಗುರುತೂ ಹತ್ತಿತು. ಈಗ ಅವರಲ್ಲಿ ಉಳಿದವರು ಯಾರೂ ಇಲ್ಲ, ಆಕೆಯೊಬ್ಬಳ ಹೊರತು. ಎಡದಿಂದ ಐದನೆಯವಳು ಆಕೆಯೇ. ಬಡಕಲು ಹುಡುಗಿ, ತುಟಿ ಬಿಗಿಹಿಡಿದು, ನೆಟ್ಟಗೆ ಡಬ್ಬಿಯನ್ನೇ ನೋಡುತ್ತ ನಿಂತಿದ್ದಾಳೆ. ಎಡ ಸೊಂಟದ ಮೇಲೆ ಸೆರಗು ಮುಚ್ಚಿದ ಒಂದು ಗುಂಡನೆಯ ಆಕಾರ.

ಸೆರಗು ಜಾರಿರಲಿಲ್ಲ.

ಗಿರಿಜಾಬಾಯಿ ಹತ್ತಿರ ಹೋದಳು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ. ಎಲ್ಲಿಯೂ ಇಲ್ಲ. ಕಣ್ಣಿಲ್ಲ, ಹಣೆಯಿಲ್ಲ, ಒಂದು ಎಳೆ ಕೂದಲಿಲ್ಲ. ಮುಖವಿರಬೇಕಾದಲ್ಲಿ ಬಟ್ಟೆ, ಆ ಬಟ್ಟೆಯನ್ನು ಬಿಗಿಯಾಗಿ ಹಿಡಿದದ್ದು ಆಕೆಯದೇ ಬಲಗೈ. ಆಮೇಲೆ ಕಣ್ಣು ಕೆಳಗಿನ ಚೀಟಿಗೆ ಹೋಯಿತು. ಮಗಳು ಓದಿಸಿ ಕಲಿಸಿದ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದಳು: "ಖಣಿಯ ಆಳುಗಳು, ಹನ್ನೊಂದು ಜನ. ನಡುವೆ, ಬುತ್ತಿಗಂಟು ಹೊತ್ತ ಹೆಣ್ಣಾಳು."

ಗೋಡೆ ಹಿಡಿದು ಅಲ್ಲೇ ನೆಲಕ್ಕೆ ಕೂತಳು. ಪ್ರಮಿಲಾ ಹೆದರಿ ನೀರು ತಂದಳು. "ಏನಾತ್ರಿ ಮಾವಶಿ? ಚಕ್ಕರ್ ಬಂತೇನ್ರಿ?"

ಭಾಲ್ಕಿಯಲ್ಲಿ ನುಂಗಿಕೊಂಡವಳು ಇಲ್ಲಿ ನುಂಗಿಕೊಳ್ಳಲಿಲ್ಲ. "ಅದು ಬುತ್ತಿ ಅಲ್ರಿ," ಎಂದಳು. "ಬುತ್ತಿ ಅಲ್ರಿ, ತಾಯಿ. ಅಕಿ ನನ್ನ ಮಗಳು. ಹನ್ನೊಂದು ಅಲ್ಲ, ಹನ್ನೆರಡು ಮಂದಿ ಇದ್ದೆವು."

ಪ್ರಮಿಲಾ ಫೋಟೊದ ಕಡೆ ನೋಡಿದಳು, ನೆಲದ ಮೇಲೆ ಕೂತ ಮುದುಕಿಯ ಕಡೆ ನೋಡಿದಳು, ಮತ್ತೆ ಫೋಟೊದ ಕಡೆ. "ಮಾವನವರ ವಹಿದಾಗ ಹನ್ನೊಂದು ಅಂತ ಇತ್ರಿ. ಗಂಟು ಅಂತ ನಾನೇ... ನಾ ಯಾರನ್ನೂ ಕೇಳ್ಲಿಲ್ರಿ ಮಾವಶಿ. ತಪ್ಪಾತು." ಕಣ್ಣೀರು ಒರೆಸಿಕೊಳ್ಳುತ್ತ ಮೇಜಿನ ಖಾನೆಯಿಂದ ಮಾವನವರ ಭೂತಗಾಜು ತಂದಳು. ಚೌಕಟ್ಟನ್ನು ಮೊಳೆಯಿಂದ ಇಳಿಸಿ ಗಿರಿಜಾಬಾಯಿಯ ಮಡಿಲಲ್ಲಿಟ್ಟಳು.

ಗಾಜಿನ ಕೆಳಗೆ ಮೊದಲು ಕಂಡದ್ದು ಕಾಲು. ಬಟ್ಟೆಯ ಗಂಟಿನ ಬಾಲದಂತೆ ತೋರುತ್ತಿದ್ದದ್ದು ಸೆರಗಿನ ಕೆಳಗಿಂದ ಇಳಿಬಿಟ್ಟ ಪುಟ್ಟ ಪಾದ. ಐದು ಬೆರಳು. ಗಿರಿಜಾಬಾಯಿ ಬಹಳ ಹೊತ್ತು ಆ ಬೆರಳುಗಳನ್ನೇ ನೋಡಿದಳು, ಒಂದೊಂದಾಗಿ. ಆಮೇಲೆ ಗಾಜು ಸ್ವಲ್ಪ ಸರಿಯಿತು, ಪಕ್ಕದಲ್ಲಿ ನಿಂತವನ ಮೇಲೆ ಬಂತು.

ಪಕ್ಕದಲ್ಲಿ ಮಚ್ಛೇಂದ್ರ. ಸಾಲಿನಲ್ಲಿದ್ದವರೆಲ್ಲ ಮುಂದೆ ನೋಡುತ್ತಿದ್ದರೆ ಇವನೊಬ್ಬ ಮುಂದೆ ನೋಡುತ್ತಿಲ್ಲ. ಕತ್ತು ಹೊರಳಿಸಿ, ಸ್ವಲ್ಪ ಬಾಗಿ, ಹೆಂಡತಿಯ ಸೊಂಟದ ಕಡೆ ನೋಡುತ್ತಿದ್ದಾನೆ. ಹಾಗಾದರೆ ಅವನ ಬದಿಗೆ ಸೆರಗು ತೆರೆದಿರಬೇಕು. ಡಬ್ಬಿಗೆ ಕಾಣದ ಆ ಬದಿಯಲ್ಲಿ ಕೂಸು ಅದನ್ನು ಜಗ್ಗಿತ್ತು. ಜಗ್ಗಿ ಅಪ್ಪನನ್ನು ನೋಡಿತ್ತು. ಅಪ್ಪ ನಗುತ್ತಿದ್ದಾನೆ. ಹಲ್ಲು ಕಾಣುವ ಹಾಗೆ, ಕಣ್ಣು ಸಣ್ಣಗಾಗುವ ಹಾಗೆ, ಎದುರಿಗೆ ನಗುವ ಕೂಸೊಂದು ಇದ್ದಾಗ ಮಾತ್ರ ಗಂಡಸರು ನಗುವ ಹಾಗೆ. ಅದಾದ ಮೇಲೆ ಮಚ್ಛೇಂದ್ರ ಹಾಗೆ ನಕ್ಕದ್ದನ್ನು ಗಿರಿಜಾಬಾಯಿ ಕಂಡಿರಲಿಲ್ಲ.

ಅವನು ಸಮಾಧಾನಕ್ಕೆಂದು ಹೇಳಿದ ಮಾತಲ್ಲ ಅದು. ನಿಜವಾಗಿಯೂ ನೋಡಿದ್ದ.

ಪ್ರಮಿಲಾ ಹೊಸ ಚೀಟಿ ಬರೆಯಲು ಕೂತಳು. ಗಿರಿಜಾಬಾಯಿ ಎಡದಿಂದ ಬಲಕ್ಕೆ ಒಂದೊಂದೇ ಹೆಸರು ಹೇಳಿದಳು, ಯಾರ ಮಗ, ಯಾವ ಊರು ಎಂದು ಸಮೇತ. ಐದನೆಯದಕ್ಕೆ ಬಂದಾಗ, "ನನ್ನ ಹೆಸರು ಆಮ್ಯಾಲ ಬರೀರಿ. ಮೊದಲ ಅಕಿದು ಬರೀರಿ. ಗೌತಮಿ. ತಂದಿ ಮಚ್ಛೇಂದ್ರ," ಎಂದಳು. ಬರೆದಾದ ಮೇಲೆ ಹಳೇ ಚೀಟಿಯನ್ನು ಕೇಳಿ ತೆಗೆದುಕೊಂಡು, ಮಡಚಿ, ಕುಪ್ಪಸದೊಳಗೆ ಇಟ್ಟುಕೊಂಡಳು. ಪ್ರಮಿಲಾ ಫೋಟೊದ್ದೊಂದು ಫೋಟೊ ಹೊಡೆದು ಸಪನಾಳ ಮೊಬೈಲಿಗೆ ಕಳಿಸಿದಳು. ಊಟ ಮಾಡಿ ಹೋಗಿ ಎಂದು ಬಲವಂತ ಮಾಡಿದಳು. ಬಸ್ಸಿಗೆ ಹೊತ್ತಾಯಿತೆಂದು ಗಿರಿಜಾಬಾಯಿ ಎದ್ದಳು.

ಬೀದರ್ ಬಸ್‌ ಸ್ಟ್ಯಾಂಡಿನಲ್ಲಿ ಇಳಿದಾಗ ಸಪನಾ ಶಾಲೆ ಬಿಟ್ಟವಳು ನೇರ ಅಲ್ಲಿಗೇ ಬಂದು ಕಲ್ಲಿನ ಬೆಂಚಿನ ಮೇಲೆ ಕಾಯುತ್ತಿದ್ದಳು. ಫೋಟೊ ಅವಳ ಕೈಯಲ್ಲಿತ್ತು. ಎರಡು ಬೆರಳಿನಿಂದ ಆ ಮುಚ್ಚಿದ ಆಕಾರವನ್ನು ದೊಡ್ಡದು ಮಾಡಿ, ಇನ್ನೂ ದೊಡ್ಡದು ಮಾಡಿ, ಬರೀ ಮಬ್ಬು ಕಾಣುವ ತನಕ ಹಿಗ್ಗಿಸಿ ಹುಡುಕುತ್ತಿದ್ದಳು.

"ಅಕ್ಕನ ಮಾರಿ ಕಾಣಂಗಿಲ್ಲ ಅವ್ವಾ," ಎಂದಳು.

ಗಿರಿಜಾಬಾಯಿ ಅವಳ ಪಕ್ಕ ಕೂತು, ಅವಳ ಬೆರಳು ಹಿಡಿದು ಮೊಬೈಲಿನ ಮೇಲೆ ಇತ್ತ ಸರಿಸಿದಳು. "ಅಲ್ಲಿ ನೋಡಬ್ಯಾಡ. ಇಲ್ಲಿ ನೋಡು. ನಿಮ್ಮಪ್ಪನ್ನ ನೋಡು."

ಸಪನಾ ನೋಡಿದಳು. ಅಪ್ಪ ಹಾಗೆ ನಗುವವನೆಂದು ಅವಳಿಗೆ ಗೊತ್ತೇ ಇರಲಿಲ್ಲ.

"ನಿಮ್ಮಪ್ಪ ಅಕಿನ್ನ ನೋಡ್ಲಕತ್ತಾನ," ಎಂದಳು ಗಿರಿಜಾಬಾಯಿ. "ನಾ ಡಬ್ಬಿ ನೋಡ್ಲಕತ್ತೇನಿ."

ಎದುರಿಗೆ ಭಾಲ್ಕಿಯ ಬಸ್ಸು ಬಂದು ನಿಂತಿತು, ಜನ ನುಗ್ಗಿದರು, ಕಂಡಕ್ಟರ್ ಕೂಗಿದ, ಬಸ್ಸು ಹೋಯಿತು. ಆಮೇಲೆ ಆಕೆಗೆ ಅಳು ಬಂತು. ಖಣಿಯಲ್ಲಿ, ಮಣ್ಣಿನ ಮುಂದೆ, ಗಂಡನ ಹೆಣದ ಮುಂದೆ ಬಾರದ ಅಳು, ಅಷ್ಟು ಜನರ ನಡುವೆ, ಬಾಯಿಗೆ ಸೆರಗು ಅಡ್ಡ ಹಿಡಿಯಲೂ ಆಗದಂಥ ಅಳು.

"ನಲವತ್ತು ವರ್ಷ ಒಂದ ಮನ್ಯಾಗ ಇದ್ದೆವು, ಸಪನಾ. ಕೂಡಿ ಉಂಡೇವಿ, ಕೂಡಿ ಮಲಗೇವಿ. ಅವತ್ತ ಅಕಿ ಹ್ಯಾಂಗ ನಕ್ಳು ಅಂತ ಒಂದ ದಿನಾ ಕೇಳ್ಲಿಲ್ಲ ನಾ ಅವರನ್ನ."